ಹೆಸರು ಕತ್ತರಿಸಿದ ಅಳು

“ಕುಂಡಿ ಸಾಲ್ದು. ಇನ್ನೊಂದು ದಿಂಬು ಕಟ್ಟು ಅವಳಿಗೆ.”

ನಿರ್ದೇಶಕ ಹಾರ್ಲನ್ ವೀಕ್ಸ್ ಈ ಮಾತನ್ನು ವರ್ಡೆಲ್ ಟಾಲಿವರಳ ಮುಖ ನೋಡಿ ಹೇಳಲಿಲ್ಲ. ಅವಳ ಹಿಂದೆ ಮೊಣಕಾಲೂರಿ ಕೂತಿದ್ದ, ಉಡುಪು ತೊಡಿಸುವ ಹುಡುಗಿಗೆ ಹೇಳಿದ. ಹುಡುಗಿ ಹತ್ತಿ ತುಂಬಿದ ದಿಂಬೊಂದನ್ನು ತಂದು ವರ್ಡೆಲಳ ಸೊಂಟದ ಹಿಂದಿಟ್ಟು ಲಾಡಿಯಿಂದ ಬಿಗಿದಳು. ಹೊಟ್ಟೆಯ ಮೇಲೆ ಆಗಲೇ ಎರಡು ಇದ್ದವು. ವರ್ಡೆಲ್ ನಲವತ್ತೆಂಟರ ಒಣಕಲು ಹೆಂಗಸು. ಆದರೆ ಸಿನಿಮಾದಲ್ಲಿ ಕರಿಯರ ತಾಯಿಯೆಂದರೆ ದಪ್ಪಗಿರಬೇಕು. ದೀಪಗಳ ಕಾವಿಗೆ ಹತ್ತಿಯೊಳಗಿಂದ ಬೆವರು ಇಳಿದು ಕಾಲುಚೀಲ ತೊಯ್ಯುತ್ತಿತ್ತು.

“ಈಗ ಹೇಳು,” ಎಂದ ವೀಕ್ಸ್.

“ಮಗಳೇ, ನೀನು ಬರುತ್ತೀಯೆಂದು ದಿನವೂ ಬಾಗಿಲ ಬಳಿ ಕಾಯುತ್ತಿದ್ದೆ,” ಎಂದಳು ವರ್ಡೆಲ್.

ದೀಪ ಹಿಡಿದವರು ನಕ್ಕರು.

“ಏನಿವಳು, ಪಾಠ ಒಪ್ಪಿಸ್ತಿದಾಳಾ? ನಿಮ್ಮೋರು ಮಾತಾಡೋ ಹಾಗೆ ಮಾತಾಡೇ.”

“ನಮ್ಮೋರು ಹೀಗೂ ಮಾತಾಡ್ತಾರೆ ಸಾರ್. ಟೆಕ್ಸಸ್‌ನಲ್ಲಿ ನಾನು ಹನ್ನೊಂದು ವರ್ಷ ಸ್ಕೂಲ್ ಟೀಚರಾಗಿದ್ದೆ.”

“ಇಲ್ಲಿ ನೀನು ಬಟ್ಟೆ ಒಗೆಯೋಳು.”

ಮಾತು ಕಲಿಸುವ ಮೇಡಂ ಎದ್ದು ಬಂದಳು. ಬಾಸ್ಟನ್ನಿನ ಬಿಳಿ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. “ಕೇಳಿಸ್ಕೋ. ‘ನೀ ಬತ್ತೀಯ ಅಂತವ ದಿನಾಲೂ ಬಾಕ್ಲಾಗೇ ಕಾಯ್ಕಂಡ್ ಕುಂತಿವ್ನಿ ಕಣ್ ಮಗ.’ ಬಾಕ್ಲಾಗೆ. ಬಾಗಿಲ ಬಳಿ ಅಲ್ಲ. ಕೆಳದುಟಿ ಸ್ವಲ್ಪ ಜೋಲು ಬಿಡು.”

ವರ್ಡೆಲ್ ಕೆಳದುಟಿ ಜೋಲು ಬಿಟ್ಟಳು.

ಅದು ನಲವತ್ತೊಂಬತ್ತನೇ ಇಸವಿ. ಲಾಸ್ ಏಂಜಲೀಸಿನ ಆ ಸ್ಟುಡಿಯೋದಲ್ಲಿ ಅವಳು ಮೂರು ವರ್ಷದಿಂದ ಅಡುಗೆಯವಳಾಗಿ, ಆಯಾ ಆಗಿ, ಬಾಗಿಲು ತೆರೆದು ಪಕ್ಕಕ್ಕೆ ಸರಿಯುವವಳಾಗಿ ಕ್ಯಾಮೆರಾ ಮುಂದೆ ನಿಂತಿದ್ದಳು. ಯಾವುದರಲ್ಲೂ ತೆರೆಯ ಮೇಲೆ ಅವಳ ಹೆಸರು ಬಂದಿರಲಿಲ್ಲ. ಈ ಸಲ ಬರುತ್ತದೆ ಎಂದು ವೀಕ್ಸ್ ಮಾತು ಕೊಟ್ಟಿದ್ದ. ಕಥೆಯೂ ಕರಿಯರದೇ. ಮೈಬಣ್ಣ ತಿಳಿಯಾಗಿ ಹುಟ್ಟಿದ ಕರಿಯರ ಹೆಣ್ಣೊಬ್ಬಳು ತಾನು ಬಿಳಿಯಳೆಂದು ಹೇಳಿಕೊಂಡು ದೂರದ ಪಟ್ಟಣದಲ್ಲಿ ಬಾಳುತ್ತಾಳೆ. ಕಪ್ಪು ಬಣ್ಣದ ತಮ್ಮ ಅವಳನ್ನು ಹುಡುಕಿಕೊಂಡು ಬಂದು ಬಿಳಿಯರ ಗುಂಪಿನ ಕೈಯಲ್ಲಿ ಸಾಯುತ್ತಾನೆ. ಅವಳು ಎಲ್ಲರೆದುರು ಹೆಣದ ಮೇಲೆ ಬಿದ್ದು ಅಳುತ್ತಾಳೆ. ಆ ಪಾತ್ರಕ್ಕೆ ವರ್ಡೆಲಳ ಬೀದಿಯ ಹುಡುಗಿಯರೇ ಆರು ಮಂದಿ ಪರೀಕ್ಷೆ ಕೊಟ್ಟು ಬಂದಿದ್ದರು. ಆರೂ ಕರಿಯರೇ, ಆದರೆ ನೋಡಿದರೆ ಬಿಳಿಯರು ಅನ್ನುವಂಥವರು. ಪಾತ್ರ ಸಿಕ್ಕಿದ್ದು ಫಿಲಿಸ್ ಡ್ಯಾರೋ ಎಂಬ ಬಿಳಿಯ ತಾರೆಗೆ. ವರ್ಡೆಲ್ ಅವಳ ತಾಯಿ. ತಾಯಿ ಮಗಳು ಎದುರುಬದುರು ಕೂತು ಮಾತಾಡುವ ನಾಲ್ಕು ನಿಮಿಷದ ದೃಶ್ಯವೊಂದಿತ್ತು.

“ಆ ನಾಲ್ಕು ನಿಮಿಷ ನೆಟ್ಟಗೆ ಮಾಡು,” ಎಂದಿದ್ದ ವೀಕ್ಸ್, “ಪೋಷಕ ನಟಿ ಪ್ರಶಸ್ತಿಗೆ ನಿನ್ನ ಹೆಸರು ನಾನೇ ಕಳಿಸ್ತೀನಿ.”

ದಿಂಬು ಹೊತ್ತು, ತುಟಿ ಜೋಲುಬಿಟ್ಟು ಅವಳು ಆ ನಾಲ್ಕು ನಿಮಿಷ ಮಾಡಿದಳು. ಕೊನೆಯಲ್ಲಿ ಫಿಲಿಸಳ ಹಣೆಗೆ ಮುತ್ತಿಟ್ಟಾಗ ದೀಪ ಹಿಡಿದವರು ನಗುವುದನ್ನು ಮರೆತಿದ್ದರು.

ಫಿಲಿಸಳಿಗೆ ಅಳು ಕಷ್ಟವಾಯಿತು. ಕಣ್ಣಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು, ಆದರೆ ಗಂಟಲಿನಿಂದ ಹೊರಟದ್ದು ಇಲಿ ಕಂಡು ಕಿರುಚಿದ ಹಾಗಿರುತ್ತಿತ್ತು. ಬೆಳಗಿನಿಂದ ಹದಿನಾಲ್ಕು ಸಲ ಆಯಿತು. ಹದಿನೈದನೆಯ ಸಲ ವೀಕ್ಸ್ ಟೋಪಿ ತೆಗೆದು ನೆಲಕ್ಕೆ ಬಡಿದ. ಉಡುಪಿನ ಹುಡುಗಿ ಅವನ ಕಿವಿಯಲ್ಲಿ ಏನೋ ಹೇಳಿದಳು.

“ವರ್ಡೆಲ್, ಬಾ ಇಲ್ಲಿ. ನಿನ್ನ ಮಗನ್ನ ಹೀಗೇ ಹೊಡೆದು ಹಾಕಿದ್ರಂತೆ?”

ದಿಂಬು ಕಟ್ಟಿಸಿಕೊಳ್ಳುತ್ತಾ ಒಂದು ದಿನ ಆ ಹುಡುಗಿಗೆ ಹೇಳಿದ್ದೇ ತಪ್ಪಾಗಿತ್ತು. ವರ್ಡೆಲ್ ಹೌದೆಂದು ತಲೆಯಾಡಿಸಿದಳು.

“ಆವಾಗ ಹೇಗೆ ಅತ್ತೆ? ಮಾಡಿ ತೋರಿಸು. ಮಿಸ್ ಡ್ಯಾರೋ ನೋಡ್ಕೋತಾರೆ.”

“ಆಗಲ್ಲ ಸಾರ್. ನಾನು ಅಳಲಿಲ್ಲ.”

“ಮಗ ಸತ್ತಾಗ ಅಳದೇ ಇರೋಳು ಎಂಥ ತಾಯಿಯೇ ನೀನು?”

ಅವಳು ನಿಜವಾಗಿ ಅತ್ತಿರಲಿಲ್ಲ. ಮಗ ಎಜ್ರಾ ಇಟಲಿಯ ಯುದ್ಧದಿಂದ ಹಿಂದಿರುಗಿ ಒಂಬತ್ತು ದಿನವಾಗಿತ್ತು. ಸಮವಸ್ತ್ರದಲ್ಲಿ ಊರಿನ ಬಸ್ಸು ಹತ್ತಿ ಬಿಳಿಯರಿಗೆಂದು ಬಿಟ್ಟ ಮುಂದಿನ ಸೀಟಿನಲ್ಲಿ ಕೂತ. ಏಳು ಅಂದಾಗ ಏಳಲಿಲ್ಲ. ಮಾರನೇ ದಿನ ಸೇತುವೆಯ ಕೆಳಗೆ ಸಿಕ್ಕಿದ. ಹೆಣವನ್ನು ನ್ಯಾಯಾಲಯದ ಅಂಗಳದಲ್ಲಿ ಹಾಕಿದ್ದರು. ಮಾಡಿದವರೇ ಅಲ್ಲಿ ಮೆಟ್ಟಿಲ ಮೇಲೆ ಕೂತು ಹೊಗೆಸೊಪ್ಪು ಜಗಿಯುತ್ತಿದ್ದರು. ಊರಿನ ಪೊಲೀಸ್ ಮುಖ್ಯಸ್ಥ ಶೆರಿಫ್ ಕೂಡ ಅವರ ಜೊತೆಯಲ್ಲೇ ಕೂತಿದ್ದ. ಅವಳು ಅಳುವುದನ್ನು ನೋಡಬೇಕೆಂದೇ ಅವರು ಕಾಯುತ್ತಿದ್ದರು. ಅವಳು ಅಳಲಿಲ್ಲ. ಮಗನ ಷರ್ಟಿನ ಗುಂಡಿ ಹಾಕಿ, ತಂಗಿಯ ಜೊತೆ ಸೇರಿ ಎತ್ತಿ, ಗಾಡಿಯಲ್ಲಿ ಮಲಗಿಸಿಕೊಂಡು ಹೋದಳು. ‘ಅಪರಿಚಿತರ ಕೈಯಲ್ಲಿ ನೀಗ್ರೋ ಒಬ್ಬನ ಸಾವು’ ಎಂದು ಪತ್ರಿಕೆ ಬರೆಯಿತು. ಹೆಸರು ಹಾಕಲಿಲ್ಲ. ಆಮೇಲೆ ಆ ಊರಿನಲ್ಲಿ ಅತ್ತರೆ ಯಾರ ಕಿವಿಗೆ ಬೀಳುತ್ತದೋ ಎಂದು ಮನೆಯಲ್ಲೂ ಅಳಲಿಲ್ಲ. ರೈಲು ಹತ್ತಿದಳು.

ಫಿಲಿಸ್ ಬಂದು ಪಕ್ಕದಲ್ಲಿ ಕೂತಳು. ಕೆಟ್ಟ ಹೆಂಗಸಲ್ಲ. ತನ್ನ ಐಸ್ ಹಾಕಿದ ನಿಂಬೆ ಪಾನಕವನ್ನು ಒಂದೆರಡು ಸಲ ವರ್ಡೆಲಳಿಗೂ ಕೊಡಿಸಿದ್ದಳು.

“ನಂಗೆ ಬರ್ತಿಲ್ಲ ವರ್ಡೆಲ್. ಸಹಾಯ ಮಾಡು. ದೇಶವೆಲ್ಲ ಈ ಚಿತ್ರ ನೋಡುತ್ತೆ. ನಿನ್ನ ಮಗನಿಗೆ ಏನಾಯ್ತು ಅಂತ ಜನಕ್ಕೆ ಗೊತ್ತಾಗಬೇಡ್ವಾ?” ಮತ್ತೆ ಕೇಳಿದಳು: “ಅವನ ಹೆಸರೇನು?”

ಮಗ ಸತ್ತು ಇಷ್ಟು ವರ್ಷದಲ್ಲಿ ಬಿಳಿಯರೊಬ್ಬರು ಆ ಹೆಸರು ಕೇಳಿದ್ದು ಅದೇ ಮೊದಲು.

“ಎಜ್ರಾ,” ಎಂದಳು ವರ್ಡೆಲ್.

ಎದ್ದಳು. ನೆಲದ ಮೇಲೆ ಬಟ್ಟೆ ಹೊದಿಸಿದ ಹುಲ್ಲಿನ ಗೊಂಬೆಯೊಂದು ಹೆಣವಾಗಿ ಬಿದ್ದಿತ್ತು. ಅದರ ಪಕ್ಕ ಕೂತಳು.  ಯಾರೋ ಕೆಮ್ಮಿದರು. ಆಮೇಲೆ ಅವಳು ಸಂಜೆಯ ಊಟಕ್ಕೆ ಹಿತ್ತಲ ಮೆಟ್ಟಿಲ ಮೇಲೆ ನಿಂತು ಹೊಲದ ಕಡೆಗೆ ಕರೆಯುತ್ತಿದ್ದ ದನಿಯಲ್ಲೇ ಕರೆದಳು. “ಎಜ್ರಾ!” ಹೆಸರಿನ ಕೊನೆಯ ‘ಆ’ ಮುಗಿಯಬೇಕಾದ ಕಡೆ ಮುಗಿಯಲಿಲ್ಲ. ಅದು ಏರಿತು, ಏರಿ ಒಡೆಯಿತು, ಒಡೆದಮೇಲೂ ನಿಲ್ಲಲಿಲ್ಲ. ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಅಳು ನಿಂತಾಗ ಅವಳ ಹಣೆ ನೆಲಕ್ಕೆ ತಾಗಿತ್ತು.

“ಬಂತಾ?” ಎಂದ ವೀಕ್ಸ್.

ಧ್ವನಿ ಹಿಡಿಯುವವನು ಕಿವಿಗೆ ಹಾಕಿದ್ದನ್ನು ತೆಗೆದು, ಯಾರ ಮುಖವನ್ನೂ ನೋಡದೆ, “ಬಂತು,” ಎಂದ.

ವರ್ಡೆಲ್ ತಲೆಯೆತ್ತಿದಳು. ಅವಳ ನೆತ್ತಿಯಿಂದ ಮೊಳದಷ್ಟು ಮೇಲೆ ಮೈಕು ತೂಗಾಡುತ್ತಿತ್ತು.

ಆ ದಿನದಿಂದ ಎರಡು ವಾರ ಅವಳಿಗೆ ದನಿಯೇ ಹೊರಡಲಿಲ್ಲ. ಚರ್ಚಿನಲ್ಲಿ ಹಾಡುವಾಗ ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರು ಉಪ್ಪುನೀರು ಮುಕ್ಕಳಿಸಲು ಹೇಳಿದರು. ದನಿ ಮರಳಿತು, ಆದರೆ ಎತ್ತರದ್ದು ಮರಳಲಿಲ್ಲ. ಕನಸಿನಲ್ಲಿ ಎಜ್ರಾ ಬರತೊಡಗಿದ. ಹಿತ್ತಲಲ್ಲಿ ನಿಲ್ಲುತ್ತಿದ್ದ, ಸಮವಸ್ತ್ರದಲ್ಲಿ, ಊಟದ ಹೊತ್ತಿಗೆ. ಕರೆದರೆ ಒಳಗೆ ಬರುವವನಂತೆ ಕಾಯುತ್ತಿದ್ದ. ಅವಳು ಬಾಯಿ ತೆರೆಯುತ್ತಿದ್ದಳು. ಏನೂ ಬರುತ್ತಿರಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತು ಹೊಲದ ಕಡೆ ತಿರುಗುತ್ತಿದ್ದ.

ಸಿನಿಮಾ ಶರತ್ಕಾಲದಲ್ಲಿ ಬಂತು. ಕರಿಯರ ಕೇರಿಯಾದ ಸೆಂಟ್ರಲ್ ಅವೆನ್ಯೂವಿನ ಕ್ರೆಸೆಂಟ್ ಟಾಕೀಸಿನ ಮೊದಲ ಆಟಕ್ಕೆ ವರ್ಡೆಲ್ ಪಕ್ಕದ ಮನೆಯ ಪರ್ಲೀನ್ ಹಾಬ್ಸ್ ಜೊತೆ ಹೋದಳು. ಪರ್ಲೀನ್ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು, ತೋಳು ಗಂಡಸಿನದು, ಬಾಯಿ ಅದಕ್ಕಿಂತ ದೊಡ್ಡದು. ಹುರಿದ ಕೋಳಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು.

“ಬತ್ತಾದಾ ಈಗ? ನಿನ್ನ ನಾಕು ನಿಮ್ಷ ಎಲ್ಲೈತಕ್ಕ?”

“ಮಗಳು ಮನೆಗೆ ಬರ್ತಾಳಲ್ಲ, ಆಮೇಲೆ.”

ತೆರೆಯ ಮೇಲೆ ಮಗಳು ಮನೆಗೆ ಬಂದಳು. ಬಾಗಿಲು ತಟ್ಟಿದಳು. ಒಗೆದ ಬಟ್ಟೆಯ ಬುಟ್ಟಿ ಹೊತ್ತ ದಪ್ಪನೆಯ ಕಪ್ಪು ಬೆನ್ನೊಂದು ಹಿತ್ತಲ ಕಡೆ ಹೋಯಿತು. ಅಷ್ಟೇ. ಮುಂದಿನ ದೃಶ್ಯದಲ್ಲಿ ಮಗಳು ರೈಲಿನಲ್ಲಿದ್ದಳು.

“ಥೂ! ಕುಯ್ದವ್ರೆ ಸೂಳೆಮಕ್ಳು!” ಪರ್ಲೀನಳ ಕೂಗಿಗೆ ಮುಂದಿನ ಸಾಲಿನವರು ತಿರುಗಿದರು. “ಬರೀ ಬೆನ್ನು ತೋರ್ಸವ್ರಲ್ಲಕ್ಕ!”

 ಬೆನ್ನಿನ ಮೇಲಿದ್ದುದು ದಿಂಬು ಎಂದು ವರ್ಡೆಲಳಿಗೆ ಹೇಳಬೇಕೆನಿಸಿತು. ಆಮೇಲೆ ಆ ದೃಶ್ಯ ಬಂತು. ಫಿಲಿಸ್ ಗುಂಪನ್ನು ಸೀಳಿಕೊಂಡು ಓಡಿ ಬಂದಳು, ಮೊಣಕಾಲೂರಿದಳು, ಅವಳ ಚಂದದ ಬಾಯಿ ತೆರೆದುಕೊಂಡಿತು. ಒಳಗಿನಿಂದ ವರ್ಡೆಲಳ ದನಿ ಬಂತು.

‘ಎಜ್ರ್’ ಎಂಬುದನ್ನು ಕತ್ತರಿಸಿದ್ದರು. ‘ಆ’ ಮಾತ್ರ ಉಳಿಸಿಕೊಂಡಿದ್ದರು. ಏರುವುದು, ಒಡೆಯುವುದು, ಒಡೆದಮೇಲೂ ನಿಲ್ಲದಿರುವುದು. ಟಾಕೀಸಿನ ತುಂಬ ಜನ ಮೂಗು ಸೇದುತ್ತಿದ್ದರು. ಪರ್ಲೀನ್ ಕೂಡ ಅಳುತ್ತಿದ್ದಳು. ಒಮ್ಮೆಗೇ ಅಳು ನಿಲ್ಲಿಸಿ ವರ್ಡೆಲಳ ಕಡೆ ತಿರುಗಿದಳು. ಕತ್ತಲೆಯಲ್ಲಿ ಅವಳ ಕಣ್ಣಿನ ಬಿಳುಪು ಕಾಣಿಸಿತು.

“ಅಕ್ಕಾ. ಅದು ನಿನ್ನ ದನಿ ಅಲ್ವಾ?”

ಟೆಕ್ಸಸ್‌ನಿಂದ ತಂಗಿಯ ಕಾಗದ ಬಂತು. ಸಿನಿಮಾ ಅವರ ಊರಿಗೂ ಬಂದಿತ್ತು. ಕರಿಯರಿಗೆ ಇಟ್ಟ ಮಾಳಿಗೆಯಲ್ಲಿ ಕೂತು ತಾನೂ ನೋಡಿದೆನೆಂದು ತಂಗಿ ಬರೆದಿದ್ದಳು. ‘ಅಕ್ಕಾ, ಕೆಳಗಡೆ ಬಿಳಿಯರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ಶೆರಿಫನ ಹೆಂಡತಿ ಕರ್ಚೀಫು ಒದ್ದೆ ಮಾಡಿಕೊಂಡಳು. ಆ ದಿನ ಮೆಟ್ಟಿಲ ಮೇಲೆ ಕೂತಿದ್ದನಲ್ಲ ಕಟ್ಟಿಗೆ ಡಿಪೋದವನು, ಅವನೂ ಬಂದಿದ್ದ, ಮಕ್ಕಳನ್ನು ಕರಕೊಂಡು. ಬಹಳ ಚೆನ್ನಾಗಿ ಅಳುತ್ತಾಳೆ ಅಂದ.’

ಕಾಗದವನ್ನು ಮಡಿಸಿ ವರ್ಡೆಲ್ ಕುರ್ಚಿಯಲ್ಲಿ ಕೂತಳು. ದೀಪ ಹಚ್ಚಬೇಕಾದ ಹೊತ್ತು ಕಳೆದರೂ ಏಳಲಿಲ್ಲ. ಆ ದಿನ ಅವರಿಗೆ ಕೊಡದೆ ಹೊತ್ತು ತಂದ ಅಳುವನ್ನು ಈಗ ಅವರು ಟಿಕೆಟ್ಟು ಕೊಂಡು ಕೇಳುತ್ತಿದ್ದರು. ದಿನಕ್ಕೆ ನಾಲ್ಕು ಆಟ. ಅವಳು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಮಲಗಿದಾಗ ಯಾವುದೋ ಊರಿನ ಕತ್ತಲೆಯಲ್ಲಿ ಅವಳ ದನಿ ಅಳುತ್ತಲೇ ಇರುತ್ತಿತ್ತು.

ಫೆಬ್ರವರಿಯಲ್ಲಿ ಪ್ರಶಸ್ತಿಯ ಪಟ್ಟಿ ಹೊರಬಿತ್ತು. ಅತ್ಯುತ್ತಮ ನಟಿಯರ ಐದು ಹೆಸರುಗಳಲ್ಲಿ ಫಿಲಿಸ್ ಡ್ಯಾರೋ ಮೊದಲನೆಯವಳು. ‘ಆ ಅಳುವಿಗೆ ಸಾಟಿಯಿಲ್ಲ’ ಎಂದು ಎಲ್ಲ ಪತ್ರಿಕೆಗಳೂ ಬರೆದವು. ಇಡೀ ಪಟ್ಟಿಯಲ್ಲಿ ಕರಿಯರ ಹೆಸರು ಒಂದೂ ಇರಲಿಲ್ಲ.

ವರ್ಡೆಲ್ ಚರ್ಚಿಗೆ ಉಡುವ ನೀಲಿ ಉಡುಪು ಹಾಕಿಕೊಂಡು ಸ್ಟುಡಿಯೋಗೆ ಹೋದಳು. ಪ್ರಚಾರ ವಿಭಾಗದ ಗಿಲ್ಮನ್ ಅವಳನ್ನು ಒಂದೂವರೆ ಗಂಟೆ ನಿಲ್ಲಿಸಿ ಒಳಗೆ ಕರೆದ. ಕೂರು ಅನ್ನಲಿಲ್ಲ.

“ಪೋಷಕ ನಟಿನಾ? ನೀನು ಆ ಸಿನಿಮಾದಲ್ಲಿ ಎಲ್ಲಿದೀಯೇ? ಒಂದು ಬೆನ್ನಿದೆ. ಬೆನ್ನಿಗೆಲ್ಲ ಪ್ರಶಸ್ತಿ ಕೊಡಲ್ಲ.”

“ನಾಲ್ಕು ನಿಮಿಷ ಇತ್ತು ಸಾರ್.”

“ನೀಗ್ರೋ ಹೆಂಗಸು ಬಿಳಿ ಹುಡುಗೀನ ತಬ್ಕೊಂಡು ಮುತ್ತು ಕೊಡೋದನ್ನ ದಕ್ಷಿಣದ ಟಾಕೀಸಿನೋರು ಹಾಕಲ್ಲ ಅಂದ್ರು. ತೆಗೆದ್ವಿ.”

“ಕಥೆಯಲ್ಲಿ ಆಕೆ ಬಿಳಿ ಹುಡುಗಿ ಅಲ್ಲ ಸಾರ್. ನನ್ನ ಮಗಳು.”

“ಕಥೆಯಲ್ಲಿ! ನೋಡೋರಿಗೆ ಕಣ್ಣಿಲ್ವಾ?” ಗಿಲ್ಮನ್ ಪೆನ್ಸಿಲಿನಿಂದ ಕಿವಿ ಕೆರೆದುಕೊಂಡ. “ಮತ್ತೆ ಇನ್ನೇನು?”

“ಅಳು ನನ್ನದು ಸಾರ್.”

“ಹಾಗಂತ ಯಾರು ಹೇಳಿದ್ದು? ಎಲ್ಲಾ ಹೆಂಗಸ್ರೂ ಅಳ್ತಾರೆ. ಈ ಮಾತು ಹೊರಗೆ ಆಡಿದ್ಯೋ, ಈ ಊರಿನ ಯಾವ ಸ್ಟುಡಿಯೋದಲ್ಲೂ ನಿನಗೆ ಕಸಬರಿಗೆ ಹಿಡಿಯೋ ಪಾತ್ರನೂ ಸಿಗಲ್ಲ.”

“ನಂಗೆ ಪ್ರಶಸ್ತಿ ಬೇಡ ಸಾರ್. ಹೆಸರು ವಾಪಸ್ ಹಾಕಿ. ಅಳು ಶುರುವಾಗೋ ಕಡೆ ಒಂದು ಹೆಸರಿತ್ತು. ಎರಡಕ್ಷರ.”

“ಎಂಥ ಹೆಸರು?”

“ಎಜ್ರಾ.”

ಗಿಲ್ಮನ್ ಮುಂದಿದ್ದ ಕಾಗದ ತಿರುವಿ ನೋಡಿದ. “ತಮ್ಮನ ಹೆಸರು ಬೆನ್ ಅಂತಿದೆ. ಎಜ್ರಾ ಯಾವನು?”

ಹೇಳಬೇಕೆಂದು ವರ್ಡೆಲ್ ಬಾಯಿ ತೆರೆದಳು. ಟೆಲಿಫೋನು ಗಣಗಣಿಸಿತು. ಗಿಲ್ಮನ್ ಅದನ್ನೆತ್ತಿ, ಇನ್ನೊಂದು ಕೈಯಲ್ಲಿ ಹೋಗು ಎಂದು ಬಾಗಿಲು ತೋರಿಸಿದ.

ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಕ್ರೆಸೆಂಟ್ ಟಾಕೀಸು. ಪ್ರಶಸ್ತಿಯ ಗಾಳಿ ಎದ್ದದ್ದರಿಂದ ಅದೇ ಸಿನಿಮಾವನ್ನು ಮತ್ತೆ ಹಾಕಿದ್ದರು. ವರ್ಡೆಲ್ ಟಿಕೆಟ್ಟು ಕೊಂಡು ಒಳಗೆ ಹೋದಳು. ಮಧ್ಯಾಹ್ನದ ಆಟ, ಅರ್ಧ ತುಂಬಿತ್ತು. ತನ್ನ ಬೆನ್ನು ಹಾದುಹೋಯಿತು. ರೈಲು ಹೋಯಿತು. ಫಿಲಿಸ್ ಮೊಣಕಾಲೂರಿ ಬಾಯಿ ತೆರೆದಳು. ಅದಕ್ಕೆ ಸರಿಯಾಗಿ ವರ್ಡೆಲ್ ಎದ್ದು ನಿಂತು ಕೂಗಿದಳು.

“ಎಜ್ರಾ!”

ಒಡಕು ದನಿ, ಸುಟ್ಟ ಗಂಟಲಿನದು. ಆದರೂ ಸರಿಯಾದ ಜಾಗದಲ್ಲಿ ಬಿತ್ತು. ಅದರ ಹಿಂದೆಯೇ ತೆರೆಯಿಂದ ಅವಳ ಹಳೆಯ ದನಿಯ ‘ಆ’ ಬಂದು ಕೂಡಿಕೊಂಡಿತು. 

“ಯಾವಳೇ ಅದು? ಕುತ್ಕೊಳೇ ಮುದ್ಕಿ!”

“ಕುಡ್ಕಂಡ್ ಬಂದವಳೆ ಕಣ್ಲಾ.”

ಹಿಂದಿನ ಸಾಲಿನಿಂದ ಒಬ್ಬ ಅವಳ ಬೆನ್ನಿಗೆ ಕಡಲೆಕಾಯಿ ಸಿಪ್ಪೆ ಎಸೆದ. ವರ್ಡೆಲ್ ತಿರುಗಿದಳು.

“ಆ ಅಳು ನಂದು ಕಣಪ್ಪ. ಎಜ್ರಾ ನನ್ ಮಗ. ಟೆಕ್ಸಸ್‌ನಾಗೆ ಬಸ್ಸಲ್ಲಿ ಕುಂತಿದ್ದುಕ್ಕೆ ಕೊಂದ್ರು. ಹೆಸ್ರು ತೆಗೆದು ಅಳು ಮಾತ್ರ ಇಟ್ಕಂಡವ್ರೆ.”

ಹೇಳಿ ಹೊರಗೆ ಹೋದಳು. ಮಾರನೇ ದಿನ ಅದೇ ಆಟಕ್ಕೆ ಬಂದಳು. ಪರ್ಲೀನ್ ಲಾಂಡ್ರಿಗೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಆ ಜಾಗ ಬಂದಾಗ ಇಬ್ಬರೂ ಕೂಗಿದರು. ಮೂರನೇ ದನಿಯೊಂದು ಹಿಂದಿನ ಸಾಲಿನಿಂದ ಬಂತು. ವರ್ಡೆಲ್ ತಿರುಗಿ ನೋಡಿದರೆ ಸಿಪ್ಪೆ ಎಸೆದಿದ್ದವನು. ನಾಲ್ಕನೇ ದಿನಕ್ಕೆ ಸುದ್ದಿ ಬೀದಿಯೆಲ್ಲ ಹರಡಿತ್ತು. ಶನಿವಾರ ಸಂಜೆಯ ಆಟಕ್ಕೆ ನಿಲ್ಲಲು ಜಾಗವಿರಲಿಲ್ಲ. ಮೀನು ಮಾರುವವರು, ಕಾರು ತೊಳೆಯುವವರು, ಮನೆಗೆಲಸ ಮುಗಿಸಿ ಏಪ್ರನ್ನಿನಲ್ಲೇ ಬಂದ ಹೆಂಗಸರು, ಎಲ್ಲ ಅರ್ಧ ಸಿನಿಮಾ ಮುಗಿಯುವವರೆಗೂ ಅದರ ಕಡೆ ಗಮನ ಕೊಡದೆ ಹರಟುತ್ತಿದ್ದರು. ಫಿಲಿಸ್ ಓಡಿ ಬರುವಾಗ ಒಬ್ಬೊಬ್ಬರಾಗಿ ಎದ್ದರು. ಅವಳ ಬಾಯಿ ತೆರೆಯಿತು. ಆರುನೂರು ಜನ ಒಂದೇ ದನಿಯಲ್ಲಿ ಕೂಗಿದರು:

“ಎಜ್ರಾ!”

ಆ ಕ್ಷಣದಲ್ಲಿ ತೆರೆಯ ಮೇಲಿನ ಬಿಳಿಯ ಹೆಂಗಸು ಯಾರಿಗಾಗಿ ಅಳುತ್ತಿದ್ದಾಳೆಂಬುದು ಎಲ್ಲರಿಗೂ ಗೊತ್ತಿತ್ತು. ವರ್ಡೆಲ್ ಕಣ್ಣು ಮುಚ್ಚಿದಳು. ಹಿತ್ತಲ ಮೆಟ್ಟಿಲ ಹತ್ತಿರ ಯಾರೋ ನಿಂತು ಇತ್ತ ತಿರುಗಿದ ಹಾಗಾಯಿತು.

ಒಂಬತ್ತನೇ ದಿನ ಟಾಕೀಸಿನ ಬಿಳಿ ಮಾಲೀಕ ಸಿನಿಮಾ ತೆಗೆದುಹಾಕಿದ. ಸ್ಟುಡಿಯೋದಿಂದ ವರ್ಡೆಲಳಿಗೆ ಕರೆ ಬರುವುದು ನಿಂತಿತು.

ಪರ್ಲೀನಳ ಗಂಡ ಓರೆನ್ ಹಾಬ್ಸ್ ಊರಿನ ದೊಡ್ಡ ಹೋಟೆಲಿನಲ್ಲಿ ಬಡಿಸುವವರ ಮುಖ್ಯಸ್ಥ. ಚರ್ಚಿನಲ್ಲಿ ಡೀಕನ್, ಪಾದ್ರಿಯ ಸಹಾಯಕ. ಇಪ್ಪತ್ತಾರು ವರ್ಷದಿಂದ ಬಿಳಿ ಕೈಗವಸು ತೊಟ್ಟು, ಬೆನ್ನು ನೇರವಾಗಿಟ್ಟು, ತನಗೆ ಕೇಳಿಸಿದ್ದನ್ನೆಲ್ಲ ಕೇಳಿಸದಂತೆ ನಿಂತು ಕೆಲಸ ಉಳಿಸಿಕೊಂಡವನು. ಕ್ರೆಸೆಂಟಿಗೆ ಹೆಂಡತಿ ಎಷ್ಟು ಕರೆದರೂ ಹೋಗಿರಲಿಲ್ಲ. ಪ್ರಶಸ್ತಿಯ ಔತಣ ಅದೇ ಹೋಟೆಲಿನಲ್ಲಿತ್ತು. ಅಡುಗೆಮನೆಗೆ ಹೆಚ್ಚಿನ ಜನ ಬೇಕಾಗಿತ್ತು.

“ವರ್ಡೆಲಕ್ಕನ್ನ ತಗೊ. ಕೆಲ್ಸ ಇಲ್ದೆ ಕುಂತವಳೆ,” ಎಂದಳು ಪರ್ಲೀನ್.

“ಬ್ಯಾಡ. ಅಲ್ಲೋಗಿ ಕೂಗುದ್ರೆ?”

“ಕೂಗುದ್ರೆ ಏನಾದಾತು? ನಿನ್ನ ಕೈಗವಸು ಕೊಳೆಯಾದಾತಾ?”

ಓರೆನ್ ಬೇಲಿಯ ಹತ್ತಿರ ಬಂದು ವರ್ಡೆಲಳನ್ನು ಕರೆದ. ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತ ಮಾತಾಡಿದ.

“ನೋಡಕ್ಕ, ನಿನ್ನ ಸಂಕ್ಟ ನಂಗೆ ಗೊತ್ತಿಲ್ಲ ಅಂತಲ್ಲ. ಅಲ್ಲಿ ನಲವತ್ಮೂರು ಜನ ನಮ್ಮೋರವ್ರೆ. ಒಂದ್ ಸದ್ದಾದ್ರೂ ಎಲ್ರನ್ನೂ ಓಡಿಸ್ತಾರೆ. ಬಾಯಿ ಬಿಡಲ್ಲ ಅಂತ ಆಣೆ ಇಟ್ರೆ ಕರ್ಕೊಂಡೋಯ್ತಿನಿ.”

“ಬಾಯಿ ಬಿಡಲ್ಲ ಕಣಪ್ಪ.”

“ಮಗನ್ ಮೇಲೆ ಆಣೆ ಇಡು.”

ವರ್ಡೆಲ್ ಅವನ ಮುಖ ನೋಡಿದಳು. ಓರೆನ್ ತಲೆ ತಗ್ಗಿಸಿದ, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಅವಳು ಎಜ್ರಾನ ಮೇಲೆ ಆಣೆ ಇಟ್ಟಳು.

ಔತಣದ ಸಂಜೆ ಅವರೆಲ್ಲ ಹಿಂಬಾಗಿಲಿನಿಂದ, ಕಸದ ಡಬ್ಬಗಳ ಸಾಲು ದಾಟಿ ಒಳಗೆ ಹೋದರು. ಅಡುಗೆಮನೆಯಿಂದ ಸಭಾಂಗಣಕ್ಕೆ ಎರಡು ಬಾಗಿಲು. ಒಂದರಿಂದ ತಟ್ಟೆ ಹೊತ್ತವರು ಹೊರಗೆ ಹೋಗುವುದು, ಇನ್ನೊಂದರಿಂದ ಖಾಲಿ ತಟ್ಟೆ ಒಳಗೆ ಬರುವುದು. ಒಂದೊಂದೂ ಒಂದೇ ಕಡೆಗೆ ತೆರೆಯುತ್ತಿತ್ತು, ಎರಡಕ್ಕೂ ಮುಖದಷ್ಟಗಲದ ಗುಂಡು ಗಾಜು. ವರ್ಡೆಲ್ ಕರವಸ್ತ್ರ ಮಡಿಸುವ ಮೇಜಿನ ಹತ್ತಿರ ನಿಂತಳು. ಸೂಪು ಹೋಯಿತು, ಬಂತು. ಮಾಂಸದ ತಟ್ಟೆಗಳನ್ನು ಉಕ್ಕಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು, ಐನೂರು. ಅತ್ಯುತ್ತಮ ನಟಿಯ ಪ್ರಶಸ್ತಿ ಮುಗಿದ ಕೂಡಲೇ ಅವು ಹೊರಡಬೇಕು. ಬಡಿಸುವವರು ಬಾಗಿಲ ಹತ್ತಿರ ಕೈಗವಸು ತೊಟ್ಟು ಎರಡು ಸಾಲಾಗಿ ನಿಂತರು. ಮುಂದೆ ಓರೆನ್.

ಒಳಗೆ ದೀಪ ಆರಿತು. ತೆರೆ ಬೆಳಗಿತು. ನಟಿಯರ ಐದು ತುಣುಕುಗಳನ್ನು ಒಂದಾದ ಮೇಲೊಂದು ತೋರಿಸತೊಡಗಿದರು. ಗಾಜಿನ ಮೇಲೆ ಬೆಳಕು ಆಡುತ್ತಿತ್ತು. ಫಿಲಿಸಳದು ಕೊನೆಯದು. ಗುಂಪಿನ ಗದ್ದಲ ಕೇಳಿದ ಕೂಡಲೇ ವರ್ಡೆಲಳಿಗೆ ತಿಳಿಯಿತು. ಮಡಿಸಿದ್ದ ಕರವಸ್ತ್ರವೊಂದನ್ನು ತೆಗೆದು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿದಳು. ಆಣೆ ಇಟ್ಟಿದ್ದಳು. ಹೆಜ್ಜೆಗಳು ಓಡಿ ಬಂದವು. ಒಂದು ಕ್ಷಣದ ಮೌನ ಬಂತು, ಹೆಸರು ಇರಬೇಕಾಗಿದ್ದ ಮೌನ.

“ಎಜ್ರಾ!”

ಕೂಗಿದವನು ಓರೆನ್ ಹಾಬ್ಸ್. ಬೆನ್ನು ನೇರವಾಗಿಯೇ ಇತ್ತು, ಕೈಗಳು ಪಕ್ಕದಲ್ಲೇ ಇದ್ದವು. ಅವನ ದನಿ ಮುಗಿಯುವ ಮೊದಲೇ ಸಾಲಿನವರೆಲ್ಲ ಕೂಗಿದರು. ಪಾತ್ರೆ ತೊಳೆಯುವವರು ಕೂಗಿದರು. ಒಲೆಯ ಹತ್ತಿರ ಸೌಟು ಹಿಡಿದವನು ಕೂಗಿದ. ಅಡುಗೆಮನೆಯ ಉಕ್ಕಿನ ಗೋಡೆಗಳು ಆ ಹೆಸರನ್ನು ಸಭಾಂಗಣಕ್ಕೆ ಎಸೆದವು. ಅದರ ಬೆನ್ನಿಗೇ ‘ಆ’ ಶುರುವಾಯಿತು.

ತುಣುಕು ಮುಗಿದು ದೀಪ ಹತ್ತಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಕುರ್ಚಿಯಲ್ಲಿ ತಿರುಗಿ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು. ವೇದಿಕೆಯ ಮೇಲಿದ್ದವನು ಮೈಕಿನಲ್ಲಿ ನಕ್ಕ. “ಯಾರೋ ಕಾಲ ಮೇಲೆ ಸೂಪು ಚೆಲ್ಕೊಂಡ್ರು ಅಂತ ಕಾಣುತ್ತೆ.” ಆಗ ಎಲ್ಲರೂ ನಕ್ಕರು. ಲಕೋಟೆ ಒಡೆದರು. ಪ್ರಶಸ್ತಿ ಫಿಲಿಸ್ ಡ್ಯಾರೋಗೆ.

ವರ್ಡೆಲ್ ಗಾಜಿನ ಹತ್ತಿರ ಬಂದಳು. ಸಾಲಿನವರು ಅವಳಿಗೆ ಜಾಗ ಬಿಟ್ಟರು. ಫಿಲಿಸ್ ಬಿಳಿ ಉಡುಪಿನಲ್ಲಿ ವೇದಿಕೆ ಹತ್ತಿ ಪ್ರಶಸ್ತಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಮುಖ ಸುಣ್ಣದಂತಾಗಿತ್ತು. ಆ ಸಭೆಯಲ್ಲಿ ಆ ಹೆಸರು ಯಾರದೆಂದು ನೆನಪಿಟ್ಟಿದ್ದವಳು ಅವಳೊಬ್ಬಳೇ. ತಾನೇ ಕೇಳಿ ತಿಳಿದುಕೊಂಡಿದ್ದಳು. ನೇರವಾಗಿ ಅಡುಗೆಮನೆಯ ಬಾಗಿಲನ್ನೇ ನೋಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದಳು.

“ಹೇಳೇ,” ಎಂದ ಓರೆನ್ ಮೆಲ್ಲಗೆ. “ಹೇಳೇ ತಾಯಿ, ಒಂದ್ಸಲ.”

“ನನ್ನ ನಿರ್ದೇಶಕರು... ಹಾರ್ಲನ್ ವೀಕ್ಸ್ ಅವರಿಗೆ,” ಎಂದಳು ಫಿಲಿಸ್, “ಅವರಿಗೆ ಋಣಿ.” ಚಪ್ಪಾಳೆ ಗುಡುಗಿತು. ಅವಳು ಮೆಟ್ಟಿಲಿಳಿಯುವಾಗ ಯಾರೋ ಅವಳ ತೋಳು ಹಿಡಿದುಕೊಳ್ಳಬೇಕಾಯಿತು.

ಹೋಟೆಲಿನ ಮ್ಯಾನೇಜರು ಒಳಗೆ ನುಗ್ಗಿದ. ಕತ್ತಿನ ನರ ಉಬ್ಬಿತ್ತು.

“ಯಾವನೋ ಅವನು ಕೂಗಿದ್ದು? ಏನೋ ಅದು ಪದ?”

 ವರ್ಡೆಲ್ ಬಾಯಿಂದ ಕರವಸ್ತ್ರ ತೆಗೆದಳು. ಅದರಲ್ಲಿ ರಕ್ತವಿತ್ತು.

“ಆಮೇಲೆ ನೋಡ್ಕೋತೀನಿ ನಿಮ್ಮನ್ನ. ಈಗ ಊಟ ಎತ್ತಿ. ಹಾಬ್ಸ್! ಕಿವಿ ಕೇಳಲ್ವೇನೋ ಮುದಿಯ? ಎತ್ತು ಅಂದೆ!”

ಓರೆನ್ ಹಾಬ್ಸ್ ಬಲಗೈಯ ಗವಸನ್ನು ಒಂದೊಂದೇ ಬೆರಳು ಎಳೆದು ಬಿಚ್ಚಿದ. ಆಮೇಲೆ ಎಡಗೈಯದು. ಎರಡನ್ನೂ ಮಡಿಸಿ ಮಾಂಸದ ತಟ್ಟೆಗಳ ಪಕ್ಕದಲ್ಲಿಟ್ಟ.  ಅವನ ಹಿಂದಿದ್ದವನೂ ಬಿಚ್ಚಿದ. ಸಾಲಿನವರಲ್ಲಿ ಇಬ್ಬರು ಮಾತ್ರ ಬಿಚ್ಚದೆ ನಿಂತರು. ಅವರೂ ತಟ್ಟೆ ಮುಟ್ಟಲಿಲ್ಲ.

ಸಭಾಂಗಣದಲ್ಲಿ ಚಪ್ಪಾಳೆ ಮುಗಿದು ಚಮಚಗಳ ಟಣಟಣ ಶುರುವಾಯಿತು. ಊಟ ಯಾಕೆ ಬರಲಿಲ್ಲ ಎಂದು ಯಾರೋ ಕೇಳುತ್ತಿದ್ದರು. ತಟ್ಟೆಗಳಲ್ಲಿ ಸಾರಿನ ಮೇಲಿನ ಕೊಬ್ಬು ಬಿಳಿಚಿಕೊಂಡು ಹೆಪ್ಪುಗಟ್ಟತೊಡಗಿತ್ತು. ಮ್ಯಾನೇಜರು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ತಾನೇ ಎರಡು ತಟ್ಟೆ ಎತ್ತಿಕೊಂಡು ಹತ್ತಿರದ ಬಾಗಿಲನ್ನು ಭುಜದಿಂದ ತಳ್ಳಿದ. ತೆರೆಯಲಿಲ್ಲ. ಮತ್ತೆ ತಳ್ಳಿದ, ಕೋಟಿನ ಮೇಲೆ ಸಾರು ಚೆಲ್ಲಿತು. ಅದು ಒಳಕ್ಕೆ ಬರುವ ಬಾಗಿಲೆಂದು ಅವನಿಗೆ ಯಾರೂ ಹೇಳಲಿಲ್ಲ.